ಭಾನುವಾರ ಒಂಬತ್ತು ಗಂಟೆಯ ಕೊಬ್ಬರಿ ತಾತ

ಅವರ ಬಲಗೈ ಹೆಬ್ಬೆರಳು ಇರಬೇಕಾದದ್ದಕ್ಕಿಂತ ಒಂದು ಸುತ್ತು ದಪ್ಪ. ಉಗುರು ಹಳದಿ, ಚರ್ಮದ ಮೇಲೆ ಸದಾ ಎಣ್ಣೆಯ ಜಿಡ್ಡು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಜೀವಮಾನವಿಡೀ ಕೊಬ್ಬರಿಯನ್ನು ಗೀರಿ, ಮೂಸಿ, ಒಳ್ಳೆಯದು ಯಾವುದು, ಕಮಟು ವಾಸನೆ ಹಿಡಿದ ಕೌಟು ಯಾವುದು ಎಂದು ಆರಿಸಿದ ಬೆರಳು ಅದು. ಸೋಪು ಹಾಕಿ ತಿಕ್ಕಿದರೂ ಜಿಡ್ಡು ಬಿಡುತ್ತಿರಲಿಲ್ಲ. ಮಕ್ಕಳು ಬರೆದು ಕಳಿಸಿದ ಚಿತ್ರಗಳನ್ನು ಅವರು ಕ್ಯಾಮೆರಾ ಮುಂದೆ ಹಿಡಿದಾಗ ಮೂಲೆಯಲ್ಲಿ ಆ ಹೆಬ್ಬೆರಳು ಕಾಣಿಸುತ್ತಿತ್ತು. ಕೆಳಗಿಟ್ಟ ಮೇಲೆ ಕಾಗದದ ಮೂಲೆಯಲ್ಲಿ ಒಂದು ಎಣ್ಣೆ ಗುರುತು ಉಳಿಯುತ್ತಿತ್ತು.

ಆಗ ನಾನು ಊರಿನ ಕೇಬಲ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಟೀವಿಯ ಕೆಳಗೆ ಓಡುವ ಜಾಹೀರಾತಿನ ಸಾಲುಗಳನ್ನು ಟೈಪ್ ಮಾಡುವುದು, ಫೋನ್ ಎತ್ತುವುದು. ಮಾಲೀಕರು ಎಲ್ಲಿಂದಲೋ ಒಂದು ಪೆಟ್ಟಿಗೆ ಕಾರ್ಟೂನ್ ಸೀಡಿ ತಂದು ಭಾನುವಾರ ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ ಲೋಕಲ್ ಚಾನೆಲ್‌ನಲ್ಲಿ ಹಾಕತೊಡಗಿದರು. ಎಲ್ಲವೂ ಇಂಗ್ಲಿಷು. ಮಕ್ಕಳು ಫೋನ್ ಮಾಡಿ, "ಅಕ್ಕಾ, ಆ ಕತ್ತೆ ಏನಂತು?" ಎಂದು ಕೇಳುತ್ತಿದ್ದವು. ನನಗೇನು ಗೊತ್ತು, ನನ್ನ ತಲೆ. ಒಂದು ಭಾನುವಾರ, ಮನೆಯ ಟೀವಿಯಲ್ಲಿ ಚಿತ್ರ ಕುಣಿಯುತ್ತದೆ ಎಂದು ದೂರು ಹೇಳಲು ಬಂದ, ಈ ಹೆಬ್ಬೆರಳಿನ ಯಜಮಾನರು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ಕತ್ತೆ ಏನಂತಾ ಐತೆ ಅಂದ್ರೆ, 'ಈ ಗಾಡಿ ನಾನು ಎಳೆಯಾಕಿಲ್ಲ, ಬೇಕಾದ್ರೆ ನೀನೇ ಎಳ್ಕಂಡೋಗು' ಅಂತ" ಎಂದರು. ಇಂಗ್ಲಿಷು ಅವರಿಗೂ ಬರುತ್ತಿರಲಿಲ್ಲ. ಮುಂದಿನ ವಾರ ಮಾಲೀಕರು ಅವರನ್ನೇ ಮೈಕಿನ ಮುಂದೆ ಕೂರಿಸಿದರು. ಮಕ್ಕಳು ಕೊಬ್ಬರಿ ತಾತ ಎಂದು ಹೆಸರಿಟ್ಟವು.

ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರೂ ಅವರೇ. ಆ ಗಂಟಲನ್ನು ಇಲ್ಲಿಗೂ ತಂದರು. ಎರಡು ಕಾರ್ಟೂನುಗಳ ನಡುವೆ ಚಿತ್ರಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಕೂಗುತ್ತಿದ್ದರು: "ಬಾಣಾವರ, ನಾಕನೇ ಕ್ಲಾಸು, ಹಸಿರು ನಾಯಿ! ಒಂದ್ಸಾರಿ... ಎರಡ್ಸಾರಿ... ಮೂರ್ಸಾರಿ... ಮಾರಕ್ಕಿಲ್ಲ!" ಆ "ಮಾರಕ್ಕಿಲ್ಲ" ಬಂದಾಗ ನಮ್ಮ ಬೀದಿಯ ಅಷ್ಟೂ ಮನೆಗಳಿಂದ ಮಕ್ಕಳ ದನಿ ಒಟ್ಟಿಗೆ ಕೇಳುತ್ತಿತ್ತು. ಬಂದ ಚಿತ್ರ ಒಂದನ್ನೂ ಬಿಡುತ್ತಿರಲಿಲ್ಲ. ಗೀಚಿದ್ದನ್ನೆಲ್ಲ ಯಾಕೆ ತೋರಿಸಬೇಕು ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕೌಟು ಇರೋದು ಕೊಬ್ಬರೀಲಿ ಕಣವ್ವ, ಮಕ್ಳು ಬರದಿದ್ರಲ್ಲಿ ಅಲ್ಲ" ಎಂದರು.

ಇನ್ನೊಂದು ರೂಢಿ ಇತ್ತು. ಕಣಕಟ್ಟೆಯ ಹಳ್ಳಿಗಳ ಕಡೆ ಕರೆಂಟ್ ಹೋಗಿದೆ ಎಂದು ಯಾರಾದರೂ ಫೋನ್ ಮಾಡಿದರೆ, ಕರೆಂಟ್ ಬಂದ ಮೇಲೆ ಅದೇ ಕಾರ್ಟೂನನ್ನು ಮತ್ತೆ ಹಾಕಿಸುತ್ತಿದ್ದರು. ಪೇಟೆ ಮಕ್ಕಳು ಗೊಣಗಿದರೆ, "ನೀವು ಎರಡು ಸಲ ಉಣ್ರಪ್ಪ, ಅವರು ಒಂದು ಸಲಾನಾದ್ರೂ ಉಣ್ಣಲಿ" ಎನ್ನುತ್ತಿದ್ದರು.

ಇದಕ್ಕೆಲ್ಲ ಹುಳಿ ಹಿಂಡಿದ್ದು ಪ್ರಾಯೋಜಕರು. ಬೇಲೂರು ರಸ್ತೆಯ ಒಂದು ವಸತಿ ಶಾಲೆಯವರು ಆ ಒಂದು ಗಂಟೆಯನ್ನು ವಹಿಸಿಕೊಂಡರು. ಅಂದಿನಿಂದ ಅವರ ಮಕ್ಕಳ ಚಿತ್ರಗಳೇ ಬರತೊಡಗಿದವು. ಅಷ್ಟೂ ಹಾಳೆಗಳಲ್ಲಿ ಒಂದೇ ಹಳೇಬೀಡಿನ ಆನೆ, ಒಂದೇ ಸೊಂಡಿಲು. ಗೆರೆ ಎಳೆದವರು ಮೇಷ್ಟ್ರು, ಮಕ್ಕಳದ್ದು ಬರೀ ಬಣ್ಣ ತುಂಬುವ ಕೂಲಿ. ಮಾಲೀಕರು ನನ್ನನ್ನು ಕರೆದು, "ನೋಡಮ್ಮಾ, ನೀಟಾಗಿರೋವನ್ನ ಮಾತ್ರ ತಾತಂಗೆ ಕೊಡು. ಹಳ್ಳಿ ಕಡೇವು ಬೇಡ, ಪರದೆ ಮೇಲೆ ಅಸಹ್ಯ ಕಾಣ್ತವೆ" ಎಂದರು.

ಅಸಹ್ಯ ಯಾವುದು ಎಂದು ಈಗ ಹೇಳುತ್ತೇನೆ. ಶನಿವಾರ ಕಣಕಟ್ಟೆ ಬಸ್ಸಿನ ಕಂಡಕ್ಟರು ತಂದುಕೊಟ್ಟ ಚಿತ್ರಗಳ ಕಟ್ಟನ್ನು ನಗುನಗುತ್ತ ಇಸಿದುಕೊಂಡು, ಅವರು ಮೆಟ್ಟಿಲಿಳಿದ ಕೂಡಲೇ ಮೇಜಿನ ಕೆಳಗಿನ ಗೋಣಿಚೀಲಕ್ಕೆ ತುರುಕುತ್ತಿದ್ದೆನಲ್ಲ, ಅದು. ಒಂದು ವಾರ ಅಲ್ಲ, ಇಡೀ ಒಂದು ಬೇಸಿಗೆ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು ಎನ್ನಬಹುದು. ಆದರೆ ಎರಡನೇ ವಾರಕ್ಕೆ ಹೆದರಿಕೆಯೂ ಇರಲಿಲ್ಲ, ಅಭ್ಯಾಸವಾಗಿತ್ತು.

"ಯಾಕವ್ವ, ಕಣಕಟ್ಟೆ ಮಕ್ಳು ಬರೆಯೋದು ಬಿಟ್ಟವಾ?" ಎಂದು ತಾತ ಕೇಳಿದರು.

"ರಜಾ ಅಲ್ವಾ ತಾತ, ಅಜ್ಜಿ ಮನೆಗೆ ಹೋಗಿರ್ತವೆ" ಎಂದೆ. ನಾಲಿಗೆಗೆ ಎಲುಬಿಲ್ಲ.

ರಜಾ ಮುಗಿಯಿತು. ಚಿತ್ರ ಬರಲಿಲ್ಲ. ತಾತ ತಮ್ಮಲ್ಲೇ ಒಂದು ಲೆಕ್ಕ ಹಾಕಿಕೊಂಡರು: ಒಂದು ಭಾನುವಾರ ಪ್ರಾಯೋಜಕರ ಭಾಷಣ ಉದ್ದವಾಗಿ, ಕಣಕಟ್ಟೆಗೆ ಕರೆಂಟ್ ಬಂದ ಮೇಲೆ ಕಾರ್ಟೂನ್ ಮತ್ತೆ ಹಾಕಲು ಆಗಿರಲಿಲ್ಲ, ಮಕ್ಕಳು ಅದಕ್ಕೇ ಮುನಿಸಿಕೊಂಡಿವೆ. ಆ ಭಾನುವಾರ ಅವರು ಕ್ಯಾಮೆರಾ ಮುಂದೆ ಕೈಮುಗಿದು, "ತಪ್ಪಾಯ್ತು ಕಣ್ರಪ್ಪ, ಇನ್ಮೇಲೆ ಬಿಡಾಕಿಲ್ಲ, ಬರೀರಿ" ಎಂದರು. ನಾನು ಎರಡು ಮಾರು ದೂರದಲ್ಲಿದ್ದೆ. ಚೀಲ ನನ್ನ ಕಾಲಿಗೆ ತಾಗುತ್ತಿತ್ತು.

ಮುಂದಿನ ಶನಿವಾರವೂ ಬರಲಿಲ್ಲವೆಂದು ಬುಧವಾರ ಬಸ್ಸು ಹತ್ತಿ ಕಣಕಟ್ಟೆಗೇ ಹೋದರು, ಮಕ್ಕಳ ಮುನಿಸು ತಿಳಿ ಮಾಡಲು, ಒಂದು ಪೊಟ್ಟಣ ಕಡ್ಲೆಮಿಠಾಯಿ ಹಿಡಿದುಕೊಂಡು. ಶಾಲೆಯ ಹತ್ತಿರ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಸೊಂಟಕ್ಕೆ ಕೈಯಿಟ್ಟು, "ವಾರವಾರಾನೂ ಕಳಿಸ್ತಾನೇ ಇದೀವಲ್ಲ ತಾತ. ನೀನೇ ಕೂಗ್ತಿಲ್ಲ. ನನ್ನ ಎರಡು ತಲೆ ಹಸು ಏನಾಯ್ತು?" ಎಂದಳಂತೆ.

ಶನಿವಾರ ಆಫೀಸಿಗೆ ಬಂದರು. ಬೈಯಲಿಲ್ಲ. ನನ್ನ ಕಣ್ಣು ಹೊರಳಿದ ಕಡೆಗೆ, ಮೇಜಿನ ಕೆಳಗೆ, ಬಗ್ಗಿ ಚೀಲ ಎಳೆದು, ಬಾಯಿ ಬಿಚ್ಚಿ, ಮಂಡಿಯಲ್ಲಿ ಮಾಡುವಂತೆ ಮೂಗನ್ನು ಹತ್ತಿರ ತಂದರು.

"ನೀನು ಹೇಳ್ಬೋದಾಗಿತ್ತಲ್ಲವ್ವ."

ಅಷ್ಟೇ. ಅವರು ನನಗೆ ಆಡಿದ ಕೊನೆಯ ಮಾತು ಅದು.

ಮರುದಿನ ಒಂಬತ್ತಕ್ಕೆ ತಾತ ಕಾರ್ಟೂನ್ ಹಾಕಗೊಡಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂಗತೊಡಗಿದರು. ಒಂದಾದ ಮೇಲೊಂದು, ಊರು, ಕ್ಲಾಸು, ಚಿತ್ರ, ಮಾರಕ್ಕಿಲ್ಲ. ಪ್ರಾಯೋಜಕರ ಫೋನು ಬಂತು. ಒಂಬತ್ತೂವರೆಗೆ ಮಾಲೀಕರು ಪಕ್ಕದ ರೂಮಿನಲ್ಲಿ ವೈರು ಕಿತ್ತರು. ತಾತನಿಗೆ ತಿಳಿಯಲಿಲ್ಲ, ಕೂಗುತ್ತಲೇ ಇದ್ದರು. ನನ್ನ ಎದುರಿನ ಟೀವಿ ಕಪ್ಪಾಗಿದ್ದನ್ನು ನಾನು ನೋಡಿದೆ. ಅವರಿಗೆ ಹೇಳಲಿಲ್ಲ. ಆಮೇಲೆ ಮಾಲೀಕರು ಬಂದು, "ಸಾಕು, ಏಳಿ" ಎಂದರು. "ಇನ್ನೂ ಅವೆ" ಎಂದರು ತಾತ. ಕೂಗಿದ್ದನ್ನೂ ಕೂಗದೆ ಉಳಿದದ್ದನ್ನೂ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು.

ಮುಂದಿನ ಭಾನುವಾರ ಆ ಕುರ್ಚಿಯಲ್ಲಿ ಯಾರು ಕೂತರು ಗೊತ್ತೆ? ನಾನು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ಹೊಸ ಚೂಡಿದಾರ್ ಹಾಕಿಕೊಂಡು, ಮಾಲೀಕರು ಬರೆದುಕೊಟ್ಟದ್ದನ್ನು ಓದಿ, "ಹಾಯ್ ಪುಟಾಣಿಗಳೇ" ಎಂದೆ. ತಾತ ಎಲ್ಲಿ ಎಂದು ಫೋನಿನಲ್ಲಿ ಕೇಳಿದ ಮಗುವಿಗೆ, ಹುಷಾರಿಲ್ಲ ಎಂದೆ. ಥೂ! ಮಳೆಗಾಲ ಮುಗಿಯುವುದರೊಳಗೆ ಫೋನುಗಳು ನಿಂತವು. ದಿನವಿಡೀ ಕಾರ್ಟೂನ್ ಹಾಕುವ ದೊಡ್ಡ ಚಾನೆಲ್‌ಗಳು ಬಂದವು, ನಮ್ಮ ಭಾನುವಾರದ ಗಂಟೆಯನ್ನು ನಿಲ್ಲಿಸಿದರು. ಒಂದು ಮಗುವೂ ಯಾಕೆಂದು ಕೇಳಲಿಲ್ಲ.

ಕಳೆದ ತಿಂಗಳು ತಾತ ತೀರಿಕೊಂಡರು. ಇದ್ದಾಗ ಒಂದು ಸಲವೂ ಅವರ ಬಾಗಿಲಿಗೆ ಹೋಗದ ಮಾಲೀಕರು ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿಸಿದರು: "ನಮ್ಮ ವಾಹಿನಿಯ ಹೆಮ್ಮೆ." ಶ್ರದ್ಧಾಂಜಲಿ ಎಂದು ಮೊಬೈಲಿನಲ್ಲಿ ಲೈವ್ ಮಾಡಿ, "ಪ್ರತಿ ಮಗುವಿನ ಚಿತ್ರವನ್ನೂ ನಾವು ತೋರಿಸಿದ್ವಿ" ಎಂದು ಕಣ್ಣೊರೆಸಿಕೊಂಡು, ಮೈಕನ್ನು ನನ್ನ ಕೈಗೆ ಕೊಟ್ಟರು. ಈಗ ಅವರ ಕೈಕೆಳಗೆ ನನಗೆ ಕೆಲಸವೂ ಇಲ್ಲ, ಹೆದರಿಕೆಯೂ ಇಲ್ಲ. ಆದರೂ ಅವರು ಚೀಟಿಯಲ್ಲಿ ಬರೆದಿದ್ದ ಎರಡು ಸಾಲನ್ನೇ ಓದಿ ಮೈಕು ಹಿಂದಕ್ಕೆ ಕೊಟ್ಟೆ.

ಮನೆಗೆ ಹೋಗಲು ಕಾಲು ಬರಲಿಲ್ಲ. ತಾತನ ಮನೆಗೆ ಹೋದೆ. ಅವರ ಹೆಂಡತಿ ಅಡಿಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದರು. ಮುಖ ನೋಡಿದ ಕೂಡಲೇ ಗುರುತು ಹಿಡಿದರು.

"ನೀನು ಟೀವೀಲಿ ಬಂದ್ರೆ ಮನೇಲಿ ಯಾರೂ ಮಾತಾಡಂಗಿರಲಿಲ್ಲ ಕಣವ್ವ" ಎಂದರು. "ಪಾಪ, ಅದೊಂದೇ ಕೂತೈತೆ, ಬೈಬ್ಯಾಡ್ರಿ ಅನ್ನೋರು ನಮ್ಮ ಯಜಮಾನ್ರು."

ನಾನು ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಬಿಡು" ಎಂದು ಎದ್ದು, ಅಟ್ಟದ ಕೆಳಗಿನಿಂದ ಚೀಲ ತಂದಿಟ್ಟರು. "ಉಳಿದಿರೋವನ್ನ ಆ ಹುಡುಗಿ ಬಂದ್ರೆ ಕೂಗಲಿ ಅಂದಿದ್ರು. ಬರಲಿಲ್ಲ ನೀನು."

ಚಿತ್ರಗಳನ್ನು ನೆಲದ ಮೇಲೆ ಹರಡಿದೆ. ಮೂಲೆಯಲ್ಲಿ ಎಣ್ಣೆ ಗುರುತು ಇದ್ದವು ತಾತ ಕೂಗಿದವು. ಅರ್ಧಕ್ಕರ್ಧ ಹಾಳೆಗಳ ಮೂಲೆಗಳು ಬೆಳ್ಳಗೆ ಹಾಗೇ ಇದ್ದವು. ಅಂಥದೊಂದನ್ನು ಎತ್ತಿಕೊಂಡೆ. ಒಂದು ಮೈ, ಎರಡು ತಲೆ, ಎರಡೂ ತಲೆ ನಗುತ್ತಿವೆ.

"ಕಣಕಟ್ಟೆ" ಎಂದೆ. "ಮೂರನೇ ಕ್ಲಾಸು. ಎರಡು ತಲೆ ಹಸು. ಒಂದ್ಸಾರಿ. ಎರಡ್ಸಾರಿ."

ಅಜ್ಜಿ ಮೊರದಿಂದ ತಲೆ ಎತ್ತದೆ ಕಾದರು, ಕಾದರು. ಆಮೇಲೆ ತಾವೇ, "ಮೂರ್ಸಾರಿ" ಎಂದರು. "ಮಾರಕ್ಕಿಲ್ಲ. ಹೂಂ, ಮುಂದಿಂದು ಎತ್ತು."