ಗೋಡೆಗೆ ಮುಂಚೆ ಬಂದ ಬಾಗಿಲು

ತೊಂಬತ್ತರ ದಶಕದ ಕೊನೆಯಲ್ಲಿ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ನಾನು ಮಲವಗೊಪ್ಪದ ಸೈಟಿನಲ್ಲಿ ಮನೆ ಕಟ್ಟಲು ಬ್ಯಾಂಕ್ ಸಾಲ ಮಾಡಿದೆ. ಪ್ರೊಸೆಸಿಂಗ್ ಫೀ, ವಕೀಲರ ಫೀ, ವಿಮೆ ಎಂದು ಸಾಲ ಕೊಡುವವರಿಗೆ ಮೊದಲು ನಾವೇ ಕೊಡಬೇಕೆಂಬ ಜ್ಞಾನೋದಯವಾದದ್ದು ಆಗಲೇ. ಸಾಲವೂ ಒಟ್ಟಿಗೆ ಬರುವುದಿಲ್ಲ. ತಳಪಾಯವನ್ನು ಬ್ಯಾಂಕಿನವರು ಬಂದು ನೋಡಿದ ಮೇಲೆಯೇ ಗೋಡೆಯ ಕಂತು.

ತಳಪಾಯ ಮುಗಿದರೂ ಬ್ಯಾಂಕಿನವರು ಬರಲಿಲ್ಲ. ಬಾಗಿಲು ನಿಲ್ಲಿಸುವ ಪೂಜೆಗೆ ಅಯ್ನೋರು ಕೊಟ್ಟಿದ್ದ ಮುಹೂರ್ತ ಮಾತ್ರ ಬಂದೇಬಿಟ್ಟಿತು.

"ಬ್ಯಾಂಕು ಕಾಯ್ಲಿ, ಮುಹೂರ್ತ ಕಾಯಲ್ಲ" ಎಂದಳು ಅಮ್ಮ.

ಹಲಸಿನ ಮರದ ಚೌಕಟ್ಟು ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಎರಡು ಬಿದಿರು ಗಳುಗಳ ಆಸರೆಯಲ್ಲಿ ಒಂಟಿಯಾಗಿ ನಿಂತಿತು. ಅಕ್ಕಪಕ್ಕ ಒಂದು ಇಟ್ಟಿಗೆಯೂ ಇರಲಿಲ್ಲ.

ಮುಂದಿನ ವಾರ ಶಿವಮೊಗ್ಗದಿಂದ ಬ್ಯಾಂಕಿನ ಅಧಿಕಾರಿ ಬಂದರು. ಪಕ್ಕದಿಂದ ತಳಪಾಯ ಹತ್ತಲು ಅವರು ಕಾಲೆತ್ತಿದ್ದೇ ತಡ, ಅಮ್ಮ ತಡೆದಳು.

"ಸಾರ್, ಬಾಗ್ಲಿಂದ ಬನ್ನಿ. ಮೊದ್ಲನೇ ಸಲ ಬರ್ತಿದ್ದೀರ."

"ಅಮ್ಮ, ಸುಮ್ನಿರು ಮಾರಾಯ್ತಿ" ಎಂದೆ. ಗೋಡೆಯ ಕಂತು ಕಣ್ಣೆದುರೇ ಹಾರಿಹೋಗುತ್ತಿತ್ತು.

ಅವರು ಬಾಗಿಲನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದರು. ನಿಧಾನವಾಗಿ ಬೂಟಿನ ದಾರ ಬಿಚ್ಚಿ, ಹೊಸ್ತಿಲು ದಾಟಿ ಬಲಗಾಲಿಟ್ಟು ಒಳಗೆ ಬಂದರು. ಒಳಗೂ ಅದೇ ಬಿಸಿಲು. ಟೇಪು ಹಿಡಿದು ಅಳೆದರು, ಸಿಮೆಂಟ್ ಚೀಲದ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದರು, ಕಂತು ಬಿಡುಗಡೆ ಮಾಡಿಸುವುದಾಗಿ ಹೇಳಿದರು.

ಹೋಗುವಾಗಲೂ ಬಾಗಿಲಿನಿಂದಲೇ ಹೊರಗೆ ಹೋದರು. ಬೂಟು ಹಾಕಿಕೊಂಡು, ನಮ್ಮತ್ತ ತಿರುಗಿ, ಗಂಭೀರವಾಗಿ ಅಂದರು:

"ಬರ್ತೀನಮ್ಮ, ಬಾಗ್ಲು ಹಾಕ್ಕೊಳ್ಳಿ."