ಹುಲಿಗೇಶ ಆರಿಸಿದ ಡಿಸ್ಕು

ಮಾನ್ವಿಯ ಬಸ್ ನಿಲ್ದಾಣದ ಹಿಂದೆ ಹುಲಿಗೇಶನ ಜೆರಾಕ್ಸ್ ಅಂಗಡಿಯಿದೆ. ಮೊದಲು ಅದು ವಿಡಿಯೊ ಅಂಗಡಿ. ಆಗ ಹುಲಿಗೇಶನಿಗೆ ಕೊಂಬೂ ಇತ್ತು. ಹಳೆಯ ಚಿತ್ರ ಕೇಳಿ ಬಂದವರಿಗೆ ಅವನು ಸುಮ್ಮನೆ ಒಂದು ಡಿಸ್ಕು ಎತ್ತಿ ಕೊಡುತ್ತಿರಲಿಲ್ಲ. ಒಂದೇ ಚಿತ್ರವನ್ನು ಮೂರು ಕಂಪನಿಗಳು ತಂದಿದ್ದರೆ ಮೂರನ್ನೂ ಮುಂದೆ ಹರವಿ, ಇದರಲ್ಲಿ ಬರೀ ಕತ್ತಲು, ಅದರಲ್ಲಿ ಕಂಪನಿಯ ಮುದ್ರೆ ನಾಯಕಿಯ ಹಣೆಯ ಮೇಲೇ ಕೂತಿದೆ, ಈ ಮೂರನೆಯದನ್ನು ಒಯ್ಯಿರಿ ಎಂದು ತೀರ್ಪು ಕೊಡುತ್ತಿದ್ದ. ರಾಯಚೂರು, ಕವಿತಾಳದಿಂದಲೂ ಜನ ಆ ತೀರ್ಪು ಕೇಳಲು ಬರುತ್ತಿದ್ದರು.

ಹಾಗೆಂದು ಅವನು ಎಲ್ಲವನ್ನೂ ಪೂರ್ತಿ ನೋಡುತ್ತಿದ್ದನೇ? ಎಲ್ಲಿಯ ಮಾತು! ಹೆಸರುಗಳು ಬರುವ ಆರಂಭ, ಒಂದು ಹಾಡು, ಒಂದು ಕತ್ತಲಿನ ದೃಶ್ಯ, ಅಷ್ಟೇ. ಅನ್ನ ಬೆಂದಿದೆಯೋ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುತ್ತಿದ್ದ. ಸಿನಿಮಾ ಅನ್ನವಲ್ಲ ಎಂದು ತಿಳಿಯಲು ಅವನಿಗೆ ಹದಿನೆಂಟು ವರ್ಷ ಬೇಕಾಯಿತು.

ದೇವದುರ್ಗದ ಗೋಪಮ್ಮ ಹನ್ನೆರಡರ ಹುಡುಗಿಯಾಗಿದ್ದಾಗ ಕೃಷ್ಣಾ ನದಿಯ ದಂಡೆಗೆ ಸಿನಿಮಾದವರು ಬಂದಿದ್ದರು. ಕೂಲಿಗೆ ಹೊರಟಿದ್ದ ಹೆಂಗಸರ ತಲೆಯ ಮೇಲೆ ಕೊಡ ಹೊರಿಸಿ ಸಾಲಾಗಿ ನಡೆಸಿದರು. ಆ ಸಾಲಿನಲ್ಲಿ ಗೋಪಮ್ಮ ಮಾತ್ರ ಕ್ಯಾಮೆರಾದತ್ತ ತಿರುಗಿ ನಕ್ಕುಬಿಟ್ಟಳು. ಮದುವೆಯಾದ ಮೇಲೆ ಗಂಡ ಅಯ್ಯಣ್ಣನಿಗೆ ಹೇಳಿದರೆ ಅವನು ನಂಬಲಿಲ್ಲ. ಮುಂದೆ ಅವಳು ಹುಲಿಗೇಶನಿಂದ ಆ ಚಿತ್ರದ ಕ್ಯಾಸೆಟ್ ಕೊಂಡಳು, ಅಂಗಡಿಯಲ್ಲೇ ಹಾಕಿಸಿ ತನ್ನ ಮುಖವನ್ನು ನೋಡಿಕೊಂಡಳು. ಮನೆಯಲ್ಲಿ ಕ್ಯಾಸೆಟ್ ಹಾಕುವ ಯಂತ್ರವಿರಲಿಲ್ಲ. ಒಂದು ದಿನ ಗಂಡನಿಗೆ ತೋರಿಸಿಯೇ ತೀರುತ್ತೇನೆಂದು ಅದನ್ನು ಸೀರೆಗಳ ನಡುವೆ ಇಟ್ಟುಕೊಂಡಳು.

ವರ್ಷಗಳಾದ ಮೇಲೆ ಮನೆಗೆ ಡಿಸ್ಕಿನ ಯಂತ್ರ ಬಂತು. ಗೋಪಮ್ಮ ಕ್ಯಾಸೆಟ್ ಹಿಡಿದು ಮಾನ್ವಿಗೆ ಬಂದಳು. ಹಳೆಯ ಕ್ಯಾಸೆಟ್ ಕೊಟ್ಟವರಿಗೆ ಡಿಸ್ಕು ಕೊಡುವುದು ಹುಲಿಗೇಶನ ರೂಢಿ. ಆ ಕ್ಯಾಸೆಟ್ಟನ್ನು ಅಳಿಸಿ ಅದರಲ್ಲಿ ಯಾರದೋ ಮದುವೆಯ ವಿಡಿಯೊ ತುಂಬುತ್ತಿದ್ದ. ಆ ಚಿತ್ರದ ಮೂರು ಡಿಸ್ಕುಗಳಲ್ಲಿ ಕತ್ತಲಿನದನ್ನು ಅತ್ತ ಸರಿಸಿ, ತೆರೆಯ ಮೇಲೆ ಹಾಲಿನಷ್ಟು ಬೆಳ್ಳಗೆ ಕಾಣುತ್ತಿದ್ದುದನ್ನು ಆರಿಸಿಕೊಟ್ಟ. ನನ್ನ ಮುಖ ಇದರಲ್ಲಿ ಚೆನ್ನಾಗಿ ಕಾಣುತ್ತದೆಯೇ ಎಂದು ಅವಳು ಕೇಳಿದಳು. ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ ಎಂದ. ಅವಳು ಮತ್ತೆ ಬರಲಿಲ್ಲ, ಖುಷಿಯಾಗಿರಬೇಕು ಎಂದುಕೊಂಡ.

ಹೋದ ತಿಂಗಳು ರಾಯಚೂರಿನ ಕಾಲೇಜು ಮೇಷ್ಟ್ರು ಸಲಾವುದ್ದೀನ್ ಹಳೆಯ ಚಿತ್ರಗಳನ್ನು ಕೂಡಿಡುವ ಹುಚ್ಚಿನಲ್ಲಿ ಹುಲಿಗೇಶನನ್ನು ಹುಡುಕಿಕೊಂಡು ಬಂದರು. ಅವರು ಗೋಪಮ್ಮನ ಆ ಚಿತ್ರವನ್ನೇ ಕೇಳಿದಾಗ ಹುಲಿಗೇಶ ಹಳೆಯ ಠೀವಿಯಲ್ಲೇ ಅದೇ ಬೆಳ್ಳನೆಯ ಡಿಸ್ಕು ಕೊಟ್ಟ. ವಾರ ಬಿಟ್ಟು ಅವರು ತಿರುಗಿ ಬಂದು, ಚಿಕ್ಕಂದಿನಲ್ಲಿ ಟಾಕೀಸಿನಲ್ಲಿ ಕಂಡ ಹೊಳೆದಂಡೆ ಇದರಲ್ಲಿಲ್ಲವಲ್ಲ ಎಂದು ಮೆತ್ತಗೆ ಹೇಳಿದರು.

ಅಂದು ಹುಲಿಗೇಶ ಆ ಡಿಸ್ಕನ್ನು ಮೊದಲ ಬಾರಿಗೆ ಕೊನೆಯವರೆಗೆ ನೋಡಿದ. ಹೊಳೆದಂಡೆಯ ಹದಿಮೂರು ನಿಮಿಷಗಳನ್ನು ಕಂಪನಿಯವರು ಕತ್ತರಿಸಿ ಎಸೆದಿದ್ದರು. ಗೋಪಮ್ಮ ನೆನಪಾದಳು. ಅಟ್ಟದ ಗೋಣಿಚೀಲ ಸುರುವಿ, ತಾನು ಬೇಡವೆಂದಿದ್ದ ಕತ್ತಲಿನ ಡಿಸ್ಕು ಹುಡುಕಿ ಹಾಕಿದ. ಅದರಲ್ಲಿ ಎಲ್ಲವೂ ಇತ್ತು. ಮಸುಕು ಬೆಳಕಿನಲ್ಲಿ ಕೊಡ ಹೊತ್ತ ಹುಡುಗಿಯೊಬ್ಬಳು ತಿರುಗಿ ನಕ್ಕಳು. ಇಷ್ಟು ವರ್ಷ ತನ್ನ ತಲೆಯ ಮೇಲೇ ಬಿದ್ದಿತ್ತಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಮರುದಿನವೇ ಯಂತ್ರವನ್ನೂ ಕಟ್ಟಿಕೊಂಡು ದೇವದುರ್ಗದ ಬಸ್ ಹತ್ತಿದ. ಗೋಪಮ್ಮನ ಮನೆಯ ಗೋಡೆಯ ಮೇಲೆ ಅಯ್ಯಣ್ಣನ ಫೋಟೊ ಇತ್ತು, ಅದಕ್ಕೆ ಹಾರ ಹಾಕಿತ್ತು. ತೀರಿ ಎರಡು ವರ್ಷವಾಯಿತೆಂದು ಅವಳೇ ಹೇಳಿದಳು. ಹುಲಿಗೇಶ ತಪ್ಪೊಪ್ಪಿಕೊಂಡು ಡಿಸ್ಕು ಹಾಕಿದ. ಗೋಪಮ್ಮ ತನ್ನ ನಗುವನ್ನು ನಗದೇ ನೋಡಿದಳು.

"ಅವ ನಿನ್ನ ಅಂಗಡಿಗಿ ಬಂದಿದ್ದ, ತಮ್ಮಾ," ಎಂದಳು. "ನೀ ಕೊಟ್ಟ ಡಿಸ್ಕು ನೋಡಿದ ಮರುದಿನ. ಹೊಳಿ ದಂಡ್ಯಾಗ ನಗೋ ಹುಡುಗಿ ಈ ಸಿನಿಮಾದಾಗ ಅದಾಳೇನ್ರಿ ಅಂತ ಕೇಳಿದ್ನಂತ. ನೀ ಏನಂದಿ, ನೆನಪದ ಏನು?"

ಹುಲಿಗೇಶ ಫೋಟೊದತ್ತ ಮತ್ತೊಮ್ಮೆ ನೋಡಿದ. ಗಿರಾಕಿಗಳ ಗದ್ದಲದಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸಂಕೋಚದಿಂದ ನಿಂತಿದ್ದ ಆ ಮನುಷ್ಯ ಯಾರೆಂದು ಅವನು ಅಂದು ಕೇಳಿರಲೇ ಇಲ್ಲ. ತನ್ನ ಆಯ್ಕೆಗೆ ಹೆಸರು ಇಡಲು ಬಂದವನೆಂದು ಸಿಟ್ಟಾಗಿ, ನಾನು ಆರಿಸಿದ ಡಿಸ್ಕಿನಲ್ಲಿ ಇಲ್ಲವೆಂದರೆ ಸಿನಿಮಾದಲ್ಲೇ ಇಲ್ಲ ಎಂದುಬಿಟ್ಟಿದ್ದ.

"ನೆನಪದ, ಅಕ್ಕಾ," ಎಂದ.

"ಹುಲಿಗೇಶ ಹೇಳಿದ ಮ್ಯಾಲ ಮುಗೀತು ಅಂದ," ಎಂದಳು ಗೋಪಮ್ಮ. "ಸಾಯೋತನಕ ನಾ ಖರೇ ಏನರ ಹೇಳಿದ್ರೂ, ಹೊಳಿ ದಂಡ್ಯಾಗ ನಕ್ಕಿದ್ದಿಯಲ್ಲ, ಹಂಗೇ ಏನು ಅಂತಿದ್ದ."