ಹನ್ನೊಂದು ಉಳಿಗಳಿಗೊಂದು ಹಲಗೆ

ಉಳಿ ಬಿದ್ದದ್ದು ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ. ಬೀಳುವುದನ್ನು ನಾನು ಕಣ್ಣಾರೆ ಕಂಡೆ. ಆದ್ದರಿಂದ ಕಂಡ ಕ್ರಮದಲ್ಲೇ ಹೇಳುತ್ತೇನೆ.

ಕೊಪ್ಪದಿಂದ ನಾರ್ವೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದೊಂದು ಮರಗೆಲಸದ ಶೆಡ್ಡಿದೆ. ನಮ್ಮದು ಅಂದರೆ ಭಾವನದು, ಅಕ್ಕನ ಗಂಡನದು. ನಾನು ಕೆಲಸ ಕಲಿತದ್ದು ಅವರ ಹತ್ತಿರ. ಹದಿನಾರು ವರ್ಷಗಳಿಂದ ಅವರ ಬೆಂಚಿನ ಎದುರಿನ ಬೆಂಚಿನಲ್ಲಿ ಬಾಗಿಲು ಚೌಕಟ್ಟು ಮಾಡುತ್ತಾ ಬಂದಿದ್ದೇನೆ. ಭಾವನ ಉಳಿಗಳು ಹನ್ನೊಂದು. ಅವಕ್ಕೆ ಗೊತ್ತಾದ ಜಾಗ ಅಂತ ಇರಲಿಲ್ಲ. ಬೆಂಚಿನ ನೇರ ಮೇಲೆ ಒಂದು ತೊಲೆ ಹೋಗುತ್ತಿತ್ತು. ಕೆಲಸವಾದ ಮೇಲೆ ಕೈ ಎತ್ತಿ ಉಳಿಯನ್ನು ಅದರ ಮೇಲೆ ಮಲಗಿಸುವುದು ರೂಢಿ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮಾತ್ರ ಎಲ್ಲವೂ ಕೆಳಗಿಳಿದು, ಸ್ನಾನ ಮಾಡಿ, ಕುಂಕುಮ ಹಚ್ಚಿಕೊಂಡು ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೂರುತ್ತಿದ್ದವು. ಮಾರನೇ ದಿನ ಮತ್ತೆ ತೊಲೆಗೆ.

ಆ ದಿನ ಭಾವ ಎಡಗೈಯನ್ನು ಹಲಗೆಯ ಮೇಲೆ ಅಗಲಿಸಿ ಊರಿ, ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಗುರುತು ಹಾಕುತ್ತಿದ್ದರು. ಶೆಡ್ಡಿನ ಮಾಡಿಗೆ ಹೊದಿಸಿದ ಶೀಟಿನ ಮೇಲೆ ಒಂದು ಮಂಗ ಹಾರಿತು. ತೊಲೆ ಅದುರಿತು. ಇಂಚಿನ ಉಳಿಯೊಂದು ಜಾರಿ, ಗಾಳಿಯಲ್ಲಿ ಒಂದೇ ಸುತ್ತು ತಿರುಗಿ, ಬಾಯಿ ಕೆಳಗಾಗಿ ಬಂದು ಭಾವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಲಗೆಗೆ ನಾಟಿಕೊಂಡು ನಿಂತಿತು. ಚರ್ಮಕ್ಕೆ ತಾಗಲಿಲ್ಲ. ಹೆಬ್ಬೆರಳಿಗೂ ಉಳಿಗೂ ನಡುವೆ ಒಂದು ಬೆಂಕಿಕಡ್ಡಿ ತೂರುವಷ್ಟು ಜಾಗವಿತ್ತು. ತೂರಿಸಿ ನೋಡಿದೆ ಎನ್ನಲು ನಾಚಿಕೆಯಾಗುತ್ತದೆ, ಆದರೆ ನೋಡಿದೆ. ಭಾವ ಅಲ್ಲಿಯವರೆಗೂ ಕೈ ತೆಗೆದಿರಲಿಲ್ಲ.

"ಎಂತ ಮಾರಾಯ, ಮಂಗನೂ ಕೆಲ್ಸ ಕಲಿತು ಅಂತಾಯ್ತು. ನಿಂಗಿಂತ ನೆಟ್ಟಗೆ ಹೊಡೆದಿದೆ ನೋಡು" ಅಂದರು.

ನಾನು ನಗಲಿಲ್ಲ. ಆ ಉಳಿಯನ್ನು ಎರಡು ನಿಮಿಷದ ಹಿಂದೆ ತೊಲೆಯ ಮೇಲೆ ಇಟ್ಟವನು ನಾನು. ಹಿಡಿ ಅರ್ಧ ಹೊರಗೆ ಚಾಚಿಕೊಂಡಿದ್ದನ್ನು ನೋಡಿಯೂ ಇದ್ದೆ. ಇದನ್ನು ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನದ ಮೇಲೆ ಉಳಿ ಹಿಡಿಯಲು ಹೋದರೆ ನನ್ನ ಕೈ ಒಪ್ಪಲಿಲ್ಲ. ಗರಗಸ ಹಿಡಿಯಿತು, ಕೀಸುಳಿ ಹಿಡಿಯಿತು, ಚಹಾದ ಲೋಟವನ್ನಂತೂ ಚೆನ್ನಾಗಿಯೇ ಹಿಡಿಯಿತು. ಉಳಿಯ ಹಿಡಿಯ ಮೇಲೆ ಅಂಗೈ ಮುಚ್ಚಿದ ಕೂಡಲೇ ಬೆರಳುಗಳು ತಾವಾಗಿ ಬಿಡಿಸಿಕೊಳ್ಳುತ್ತಿದ್ದವು. ಮರುದಿನವೂ ಹಾಗೆಯೇ. ವಾರವಾದರೂ ಹಾಗೆಯೇ. ಅಕ್ಕ ಪೂಜೆಯಲ್ಲಿ ಏನೋ ಕಡಿಮೆಯಾಗಿದೆ ಅಂತ ಬೆಂಚಿಗೊಂದು ನಿಂಬೆಹಣ್ಣು ಕೊಯ್ದಳು. ಭಾವ ಸಂಜೆ ಅದನ್ನೇ ಹಿಂಡಿ ಶರಬತ್ತು ಮಾಡಿಕೊಂಡು ಕುಡಿದರು.

ಉಳಿ ಹಿಡಿಯದ ಮರಗೆಲಸದವನು ಅಂದರೆ ಈಜು ಬಾರದ ಮೀನು. ಕೆರೆಕಟ್ಟೆಯ ಕಡೆಯ ಒಂದು ಮನೆಗೆ ಆರು ಚೌಕಟ್ಟು ಒಪ್ಪಿಕೊಂಡಿದ್ದೆವು. ಅವುಗಳ ಮೂಲೆ ಸೇರಿಸುವ ತೂತುಗಳಲ್ಲಿ ನನ್ನ ಪಾಲಿನವನ್ನೂ ಭಾವನೇ ಉಳಿಯಲ್ಲಿ ಹೊಡೆದರು. ಒಂದು ತಿಂಗಳು ಸುಮ್ಮನಿದ್ದು ಆಮೇಲೆ ಹೇಳಿದರು: "ನೋಡು, ಆಷಾಢ ಮುಗಿಯೋದ್ರೊಳಗೆ ನೀನು ಉಳಿ ಹಿಡೀಬೇಕು. ಇಲ್ಲಾಂದ್ರೆ ಬಾಳೆಹೊನ್ನೂರು ಕಡೆಯವನೊಬ್ಬ ಕೆಲ್ಸ ಕೇಳ್ತಾ ಇದಾನೆ, ಅವನನ್ನ ಈ ಬೆಂಚಿಗೆ ಹಾಕ್ಕೊಳ್ತೀನಿ. ಹೆಂಡ್ತಿ ತಮ್ಮ ಅಂತ ಬೆಂಚು ಖಾಲಿ ಇಟ್ಕೊಂಡು ಕೂರಕ್ಕಾಗಲ್ಲ."

ನಾನು ಹೇಳಿದೆ: "ಉಳಿಗಳಿಗೆ ಒಂದು ಸರಿಯಾದ ಜಾಗ ಮಾಡ್ತೀನಿ ಭಾವ. ಅದಾದ್ರೆ ಕೈ ಸರಿಹೋಗುತ್ತೆ."

ಹೇಳುವಾಗ ನಂಬಿದ್ದೆ.

ಮೊದಲು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಚಿತ್ರ ಬರೆದೆ. ಹನ್ನೊಂದು ಉಳಿಗಳ ಉದ್ದ, ಹಿಡಿಯ ದಪ್ಪ, ಬಾಯಿಯ ಅಗಲ ಅಳೆದು ಪಟ್ಟಿ ಮಾಡಿದೆ. ಮುಚ್ಚಳವಿರುವ ಪೆಟ್ಟಿಗೆ ಅಂದುಕೊಂಡೆ. ಭಾವ ಮುಚ್ಚಳ ತೆಗೆದವರು ಮತ್ತೆ ಹಾಕುವವರಲ್ಲ ಅಂತ ನೆನಪಾಗಿ ಬಿಟ್ಟೆ. ಆಮೇಲೆ ಗೋಡೆಗೆ ಶೆಲ್ಫಿನ ಹಾಗೆ ಅಡ್ಡವಾಗಿ ಕೂರುವ ಒಂದು ಹಲಗೆ, ಅದರಲ್ಲಿ ಹನ್ನೊಂದು ತೂತು, ಒಂದೊಂದು ತೂತಿಗೆ ಒಂದೊಂದು ಉಳಿ ಅಂತ ತೀರ್ಮಾನಿಸಿದೆ. ಉಳಿಯ ಹಿಡಿ ಮೇಲೆ ದಪ್ಪ, ಕೆಳಗೆ ಸಪೂರ. ಬಾಟಲಿಗೆ ಬೂಚು ಕೂರುವಂತೆ ತೂತಿನಲ್ಲಿ ಕೂರುತ್ತದೆ, ಬಾಯಿ ಕೆಳಗೆ ನೇತಾಡುತ್ತದೆ. ಎತ್ತರಕ್ಕಾಗಿ ಭಾವನನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದೆ.

"ಎಂತದು, ಹೆಣಕ್ಕೆ ಅಳತೆ ತಗೊಂಡ ಹಾಗೆ ತಗೊಳ್ತೀಯಲ್ಲ?"

"ಮೊಣಕೈಗಿಂತ ಮೇಲೆ ಒಂದೂ ಇರಬಾರದು ಭಾವ. ಬಿದ್ರೂ ಕಾಲಿಗೆ ಬೀಳುತ್ತೆ."

"ಕಾಲು ನಂದಲ್ಲನಾ? ಬಾಡಿಗೆಗೆ ತಂದಿದ್ದಾ?"

ಮಂಡಿಯ ಮಟ್ಟಕ್ಕೆ ಇಳಿಸಿದೆ. "ಇನ್ನೂ ಕೆಳಗೆ ಹೋಗು ಮಾರಾಯ, ಒಂದು ಹೊಂಡ ತೋಡಿ ಹೂತುಬಿಡುವ" ಅಂದರು. ಮತ್ತೆ ಸೊಂಟಕ್ಕೆ ಏರಿಸಿದೆ. ಸೊಂಟದ ಎತ್ತರದಲ್ಲಿ ಕೈಗೆ ಸಿಗುವ ಗೋಡೆ ಒಂದೇ ಇತ್ತು. ಅಲ್ಲಿ ಬೆಂಚಿನ ಹಿಂದೆ ಮೂವರು ದೇವರು ಚೌಕಟ್ಟು ಹಾಕಿಸಿಕೊಂಡು ಕೂತಿದ್ದರು. ಅವರನ್ನು ಎಬ್ಬಿಸಿ ಮೀಟರ್ ಬೋರ್ಡಿನ ಪಕ್ಕಕ್ಕೆ ಕಳಿಸಿದೆ. ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ದೇವರುಗಳು ಏನೂ ಅನ್ನಲಿಲ್ಲ.

ಆ ಹಲಗೆಯಲ್ಲಿ ಒಂದೇ ಒಂದು ಕೂಡು ಇರಲಿಲ್ಲ ಅನ್ನುವುದನ್ನೂ ಬರೆಯಬೇಕು. ಮರಕ್ಕೆ ಮರ ಸೇರಿಸಲು ನಾವು ಒಂದರಲ್ಲಿ ತೂತು, ಇನ್ನೊಂದರಲ್ಲಿ ಅದಕ್ಕೆ ಕೂರುವ ನಾಲಿಗೆ ಮಾಡುತ್ತೇವೆ. ಅದಕ್ಕೆ ಉಳಿ ಬೇಕು. ನಾನು ಡ್ರಿಲ್ ಮೆಷಿನ್‌ನಲ್ಲಿ ಕೊರೆದು, ಅರದಲ್ಲಿ ಉಜ್ಜಿ, ಸ್ಕ್ರೂ ಹಾಕಿ ಮುಗಿಸಿದೆ. ಉಳಿಗಳ ಮನೆಯನ್ನು ಉಳಿ ಮುಟ್ಟದೆ ಕಟ್ಟಿದೆ. ಒಂದು ಸಿಲ್ವರ್ ಓಕ್ ಹಲಗೆಗೆ ಇಪ್ಪತ್ತಮೂರು ದಿನ ತಗೊಂಡೆ. ಒಂದೊಂದು ತೂತನ್ನೂ ಅದರದರ ಹಿಡಿಗೆ ಕೂದಲೆಳೆಯೂ ಸಂದಿಲ್ಲದಂತೆ ಉಜ್ಜಿದೆ. ಅಲುಗಾಡಬಾರದು, ಮಂಗ ಬರಲಿ, ಮಂಗನ ಅಪ್ಪ ಬರಲಿ.

ಭಾವ ಬಂದು ನೋಡಿದರು. ಒಂದು ಉಳಿ ಎಳೆದರು, ಮತ್ತೆ ತುರುಕಿದರು. "ಚಂದ ಆಗಿದೆ. ಈಗ ಕೈ ಹೇಗಿದೆ?"

ಕೈ ಹಾಗೆಯೇ ಇತ್ತು. ಸಂಜೆ ಎರಡು ಬೆರಳಲ್ಲಿ ಉಳಿಗಳನ್ನು ಎತ್ತಿ ಜಾಗಕ್ಕೆ ಇಡುತ್ತಿದ್ದೆ, ಮೇಲಿನಿಂದ ಅಂಗೈಯಲ್ಲಿ ಒತ್ತುತ್ತಿದ್ದೆ. ಕೆಲಸಕ್ಕೆ ಹಿಡಿಯಲು ಆಗುತ್ತಿರಲಿಲ್ಲ. ಬಾಳೆಹೊನ್ನೂರು ಕಡೆಯವನು ಒಮ್ಮೆ ಬಂದು ಬೆಂಚು ನೋಡಿಕೊಂಡು ಹೋದ. ನನ್ನ ಬೆಂಚಿನ ಕಾಲು ಅಲುಗಾಡಿಸಿ, "ಇದೊಂದು ಬಿಗಿ ಮಾಡ್ಕೋಬೇಕು" ಅಂದ.

ಆಷಾಢದ ನಡುವೆ ಮಳೆ ಜೋರಾಗಿ, ಕರೆಂಟು ಹೋಗಿ, ಆರು ದಿನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಏಳನೆಯ ದಿನ ಭಾವ ಉಳಿಗೆ ಕೈ ಹಾಕಿದರು. ಬರಲಿಲ್ಲ. ಪಕ್ಕದ್ದು ಎಳೆದರು. ಅದೂ ಬರಲಿಲ್ಲ. ಹನ್ನೊಂದನ್ನೂ ಎಳೆದು ನೋಡಿ, ನನ್ನ ಕಡೆ ಒಮ್ಮೆ ತಿರುಗಿ, ಗೋಡೆಗೆ ಕಾಲು ಕೊಟ್ಟು ಜಗ್ಗಿದರು. ಉಳಿ ಬರಲಿಲ್ಲ, ಹಲಗೆಯೇ ಸ್ಕ್ರೂ ಸಮೇತ ಕಿತ್ತು ಬಂತು. ಹಲಗೆ ಮಳೆಯ ತೇವಕ್ಕೆ ಉಬ್ಬಿತ್ತು, ಹಿಡಿಗಳೂ ಉಬ್ಬಿದ್ದವು. ಬೆಂಚಿನ ಮೇಲೆ ಬೋರಲು ಹಾಕಿದಾಗ ಅದು ಹನ್ನೊಂದು ಮೊಲೆಯ ಹಂದಿ ಕಾಲು ಚಾಚಿ ಮಲಗಿದ ಹಾಗೆ ಕಂಡಿತು.

"ಬಾಗಿಲು ಮಾಡುವಾಗ ಎಷ್ಟು ಸಂದು ಬಿಡ್ತೀಯ?" ಭಾವ ಕೇಳಿದರು.

"ಒಂದು ನೂಲು." ಇಂಚಿನ ಎಂಟನೇ ಒಂದು ಭಾಗಕ್ಕೆ ನಾವು ನೂಲು ಅನ್ನುತ್ತೇವೆ.

"ಯಾಕೆ?"

"ಮಳೆಗಾಲದಲ್ಲಿ ಉಬ್ಬುತ್ತೆ ಅಂತ."

"ಊರವರ ಬಾಗಿಲಿಗೆಲ್ಲಾ ಮಳೆಗಾಲ ಬರುತ್ತೆ, ನನ್ನ ಉಳಿಗೆ ಬರಲ್ಲನಾ?"

ಆಗ ಹೇಳಿಬಿಟ್ಟೆ. "ಆವತ್ತು ಅದನ್ನ ಮೇಲೆ ಇಟ್ಟಿದ್ದು ನಾನು ಭಾವ. ಹಿಡಿ ಹೊರಗೆ ಇತ್ತು. ನೋಡಿದ್ದೆ."

ಭಾವ ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. "ಮತ್ತೆ ಮಂಗ ಇಡುತ್ತಾ? ಶೆಡ್ಡಲ್ಲಿ ಇರೋದು ಇಬ್ಬರು. ನಾನಿಟ್ಟಿಲ್ಲ. ಇದಕ್ಕೆ ಎರಡು ತಿಂಗಳು ಬೇಕಾಯ್ತನಾ ನಿಂಗೆ?"

ಅಷ್ಟೇ. ನಾನು ಎರಡು ತಿಂಗಳು ಹೊತ್ತದ್ದನ್ನು ಅವರು ಮೊದಲ ದಿನವೇ ಕೆಳಗಿಟ್ಟಿದ್ದರು. ಮನಸ್ಸು ಹಗುರವಾಯಿತು ಅಂತ ಬರೆಯಬಹುದು, ಆದರೆ ಆಗ ಆದದ್ದು ಸಿಟ್ಟು.

ಒಂದು ಅರ್ಧ ಇಂಚಿನ ಉಳಿಗೆ ಕೆಳಗಿನಿಂದ ಕಟ್ಟಿಗೆಯ ತುಂಡು ಕೊಟ್ಟು ಕೊಡತಿಯಲ್ಲಿ ಬಡಿದು ಭಾವ ಬಿಡಿಸಿದರು. ಉಳಿದ ಹತ್ತು ಜಗ್ಗಲಿಲ್ಲ. ಅಂಚಿಗೂ ತೂತಿಗೂ ನಡುವಿನ ಮರವನ್ನು ಕೆತ್ತಿ ತೆಗೆದರೆ ತೂತು ಮುಂದಕ್ಕೆ ಬಾಯಿ ಬಿಡುತ್ತದೆ, ಉಳಿಯನ್ನು ಎದುರಿಗೆ ಎಳೆದುಕೊಳ್ಳಬಹುದು. ಹೀಗೆಂದು ಭಾವ ಹೇಳಿದರು.

"ಗರಗಸದಲ್ಲಿ ಕೊಯ್ಯುವ" ಅಂದೆ.

"ಹಲ್ಲು ಕಬ್ಬಿಣಕ್ಕೆ ತಾಗುತ್ತೆ."

ಅದು ಪೂರ್ತಿ ನಿಜವಲ್ಲ, ತೂತಿನೊಳಗೆ ಇದ್ದದ್ದು ಮರದ ಹಿಡಿ. ಇಬ್ಬರಿಗೂ ಗೊತ್ತಿತ್ತು. ಅವರು ಬಿಡಿಸಿದ ಆ ಒಂದು ಉಳಿಯನ್ನು ನನ್ನೆದುರು ಬೆಂಚಿನ ಮೇಲೆ ಇಟ್ಟು ಕೈ ಹಿಂದೆ ತೆಗೆದರು. ನಮ್ಮಲ್ಲಿ ಕಬ್ಬಿಣವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆ ಅನ್ನುತ್ತಾರೆ. ನಮಗೆ ಜಗಳವಾಡಲು ಕಬ್ಬಿಣ ಬೇಕಾಗಿಯೇ ಇರಲಿಲ್ಲ, ಆದರೂ ರೂಢಿ. ಆಮೇಲೆ ಹಲಗೆಯನ್ನು ನೆಟ್ಟಗೆ ಮಾಡಿ, ಎಡಗೈ ಅಗಲಿಸಿ ಅದರ ಮೇಲೆ ಊರಿದರು.

"ಕ್ಲಾಂಪ್ ಹಾಕುವ ಭಾವ."

"ಎಲ್ಲಿಗೆ ಹಾಕ್ತೀಯ? ನಿನ್ನ ಹಂದಿಯ ಮೊಲೆ ಅಡ್ಡ ಬರುತ್ತೆ. ಹೊಡಿ."

"ಕೈ ಸ್ವಲ್ಪ ಆಚೆ ಇಡಿ."

"ನನ್ನ ಕೈ ನಾನು ನೋಡ್ಕೊಳ್ತೀನಿ. ನಿಂದು ನೀನು ನೋಡು."

ಉಳಿ ಎತ್ತಿದೆ. ಬೆರಳುಗಳು ಬಿಡಿಸಿಕೊಂಡವು. ಮತ್ತೆ ಎತ್ತಿದೆ. ಭಾವನ ಹೆಬ್ಬೆರಳಿನಿಂದ ಉಳಿಯ ಬಾಯಿಗೆ ನಾಲ್ಕು ಇಂಚು ದೂರ. ಕಣ್ಣಳತೆಯಲ್ಲಿ ಅಳೆದೆ. ಮೊದಲ ಏಟು ಎಷ್ಟು ಮೆತ್ತಗಿತ್ತೆಂದರೆ ಹಲಗೆಗೆ ಗೀರೂ ಬೀಳಲಿಲ್ಲ. "ಸೊಳ್ಳೆ ಹೊಡೀತಿದೀಯನಾ?" ಅಂದರು. ಎರಡನೆಯದಕ್ಕೆ ಚಕ್ಕೆ ಎದ್ದಿತು. ಮೂರನೆಯದಕ್ಕೆ ಉಳಿ ಜಾರಿ ಅಂಚು ಓರೆಯಾಯಿತು. ಭಾವನ ಕೈ ಕದಲಲಿಲ್ಲ. ಅವರು ಬೇಕೆಂದೇ ಬಾಗಿಲ ಕಡೆ ಮುಖ ಮಾಡಿ ರಸ್ತೆಯ ಬಸ್ಸು ನೋಡುತ್ತಿದ್ದರು.

ಮೊದಲ ತೂತು ಬಾಯಿ ಬಿಡಲು ಕಾಲು ಗಂಟೆ ಹಿಡಿಯಿತು, ಎರಡನೆಯದಕ್ಕೆ ಅದರ ಅರ್ಧ. ಮೂರನೆಯದು ಓರೆ, ನಾಲ್ಕನೆಯದು ಇನ್ನೂ ಓರೆ. ಐದನೆಯದರ ಹೊತ್ತಿಗೆ ಬೆರಳುಗಳ ಮೇಲಿನ ಗಮನ ತಪ್ಪಿ ಮರದ ಎಳೆಯ ಮೇಲೆ ಹೋಗಿತ್ತು. ಆರನೆಯ ಉಳಿಯನ್ನು ಮುಂದಕ್ಕೆ ಎಳೆದು ಬೆಂಚಿನ ಮೇಲೆ ಇಡುವಾಗ ಅಕ್ಕ ಬಾಗಿಲಲ್ಲಿ ಬಂದು ನಿಂತಳು.

"ಊಟಕ್ಕೆ ಬರ್ತೀರನಾ ಇಬ್ರೂ, ತಣ್ಣಗಾಗ್ತಾ ಇದೆ."

ಭಾವ ಹಲಗೆಯಿಂದ ಕೈ ತೆಗೆಯಲು ಹೋದರು.

"ತೆಗೀಬೇಡಿ. ಇನ್ನೂ ನಾಲ್ಕಿವೆ" ಅಂದೆ.